ಲಾಜಿಕ್ ಪೇಪರ್ ಎಲ್ಲಿಗೆ ಕಳಿಸೋಣ? ಮುಕ್ತ ಪ್ರವೇಶದ ಜರ್ನಲ್‌ಗಳನ್ನು ಹೋಲಿಸಿ ನೋಡುವ ಬಗೆ

ಹೋದ ಮಳೆಗಾಲದಲ್ಲಿ ಮದ್ದೂರು ಕಡೆಯ ಹುಡುಗಿಯೊಬ್ಬಳು ಮಾನಸಗಂಗೋತ್ರಿಗೆ ಬಂದು ನನ್ನ ಮುಂದೆ ಲ್ಯಾಪ್‌ಟಾಪ್ ತೆರೆದಿಟ್ಟಳು. ಪಿಎಚ್‌ಡಿ ಮೂರನೇ ವರ್ಷ. "ಮೇಡಂ, ಈ ಮೇಲ್ ನೋಡಿ. ಏಳು ದಿನದಲ್ಲಿ ಪಬ್ಲಿಷ್ ಮಾಡ್ತಾರಂತೆ. 14,500 ರೂಪಾಯಿ ಕಟ್ಟಬೇಕಂತೆ. ಕಳಿಸಿಬಿಡ್ಲಾ?" ಅಂದಳು.

ಅವಳ ಪೇಪರ್ 31 ಪುಟ. ಟೈಪ್ಡ್ ಲ್ಯಾಂಬ್ಡಾ ಕ್ಯಾಲ್ಕುಲಸ್ ಎಂಬ, ಪ್ರೋಗ್ರಾಮ್‌ಗಳನ್ನು ಗಣಿತದ ರೂಪದಲ್ಲಿ ಬರೆಯುವ ಪುಟ್ಟ ಭಾಷೆಗೆ ಒಂದು ಹೊಸ ರಚನೆ ಸೇರಿಸಿದ್ದಳು. ಆ ಭಾಷೆಯಲ್ಲಿ ಬರೆದ ಯಾವ ಪ್ರೋಗ್ರಾಮೂ ನಿಲ್ಲದೆ ಓಡುತ್ತಾ ಇರುವುದಿಲ್ಲ, ಎಲ್ಲವೂ ಒಂದಲ್ಲ ಒಂದು ಹಂತದಲ್ಲಿ ಮುಗಿಯುತ್ತವೆ ಎಂದು ಸಾಧಿಸಿದ್ದಳು. ಎರಡು ವರ್ಷದ ದುಡಿಮೆ. ಆ 31 ಪುಟದಲ್ಲಿ 22 ಪುಟ ಬರೀ ಪ್ರೂಫ್, ಅಂದರೆ ಗಣಿತದ ಸಾಧನೆ. ನಾನು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. ಈ 22 ಪುಟವನ್ನು ಏಳು ದಿನದಲ್ಲಿ ಕೂತು ಓದುವವರು ಯಾರಮ್ಮ?

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಈ ವಿಷಯದ ಮೇಲೆ ಕೆಲಸ ಮಾಡುತ್ತಿರುವ ಹುಡುಗರಿಗೂ ಮೇಷ್ಟ್ರುಗಳಿಗೂ ನಾನು ಹೇಳಬೇಕೆಂದಿರುವುದು ಇದನ್ನೇ. ಕಂಪ್ಯೂಟರ್ ಸೈನ್ಸ್‌ನ ಲಾಜಿಕ್ ವಿಭಾಗದಲ್ಲಿ ಒಳ್ಳೆಯ ಕಡೆ ಪ್ರಕಟಿಸುವುದಕ್ಕೆ ಕೈಯಿಂದ ದುಡ್ಡು ಹಾಕಬೇಕಾಗಿಲ್ಲ. ಓದುವವರೂ ದುಡ್ಡು ಕೊಡಬೇಕಾಗಿಲ್ಲ. ಬೇರೆ ಎಷ್ಟೋ ವಿಷಯಗಳಿಗೆ ಇಲ್ಲದ ಅನುಕೂಲ ನಮ್ಮ ವಿಷಯಕ್ಕೆ ಇದೆ. ಹಾಗಿದ್ದೂ ನಮ್ಮ ಕಡೆಯವರು ಸಾಲ ಮಾಡಿ ಎಲ್ಲೋ ಕಟ್ಟಿ ಬರುತ್ತಾರೆ, ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮೊದಲು ಹೆಸರುಗಳನ್ನು ಬಗೆಹರಿಸಿಕೊಳ್ಳೋಣ

ಮುಕ್ತ ಪ್ರವೇಶ ಎಂದರೆ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು ಅಂತ. ಆದರೆ ಖರ್ಚು ಯಾರು ಹೊರುತ್ತಾರೆ ಎನ್ನುವುದರ ಮೇಲೆ ಅದಕ್ಕೆ ಬೇರೆ ಬೇರೆ ಹೆಸರು. ಬರೆದವರೇ ದುಡ್ಡು ಕಟ್ಟಿದರೆ ಗೋಲ್ಡ್. ಆ ಶುಲ್ಕಕ್ಕೆ ಎಪಿಸಿ ಅಂತಾರೆ. ಬರೆದವರೂ ಕಟ್ಟಬೇಕಿಲ್ಲ, ಓದುವವರೂ ಕಟ್ಟಬೇಕಿಲ್ಲ ಎಂದರೆ ಡೈಮಂಡ್. ಜರ್ನಲ್ ಚಂದಾದಾರರಿಗೆ ಮಾತ್ರ, ಆದರೆ ನೀವು ನಿಮ್ಮ ಪ್ರತಿಯನ್ನು ಆರ್ಕೈವ್‌ನಂಥ (arXiv) ಎಲ್ಲರಿಗೂ ತೆರೆದ ಜಾಲತಾಣದಲ್ಲಿ ಇಟ್ಟುಕೊಂಡರೆ ಗ್ರೀನ್. ಚಂದಾ ಜರ್ನಲ್‌ನಲ್ಲೇ ಇರುತ್ತಾ "ದುಡ್ಡು ಕಟ್ಟಿದರೆ ನಿಮ್ಮ ಪೇಪರ್ ಮಾತ್ರ ತೆರೆದಿಡುತ್ತೇವೆ" ಅಂದರೆ ಹೈಬ್ರಿಡ್.

ಹೈಬ್ರಿಡ್ ದಾರಿಯ ಲೆಕ್ಕ ಹಾಕಿ ನೋಡಿ. ದೊಡ್ಡ ಪ್ರಕಾಶಕರ ಜರ್ನಲ್‌ಗಳಲ್ಲಿ ಎಪಿಸಿ 2,000 ದಾಟುವುದು, 3,000 ಡಾಲರ್ ಮುಟ್ಟುವುದು ಸಾಮಾನ್ಯ. 2,500 ಡಾಲರ್ ಅಂತಿಟ್ಟುಕೊಂಡರೂ ಎರಡು ಲಕ್ಷ ರೂಪಾಯಿ ಮೇಲಾಯಿತು. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಐದು ತಿಂಗಳ ಫೆಲೋಶಿಪ್ ಪೂರ್ತಿ ಕೊಟ್ಟರೂ ಸಾಲದು. ಪ್ರಾಜೆಕ್ಟ್ ಹಣದಲ್ಲಿ ಬೇರೆಯಾಗಿ ತೆಗೆದಿಟ್ಟಿದ್ದರೆ ಆ ಮಾತು ಬೇರೆ. ಸ್ವಂತ ಜೇಬಿನಿಂದ ಮಾತ್ರ ಬೇಡವೇ ಬೇಡ.

"ನಮ್ಮ ಲೈಬ್ರರಿಯಲ್ಲಿ ಈಗ ಎಲ್ಲ ಜರ್ನಲ್ ಸಿಗುತ್ತಲ್ಲ, ತೆರೆದಿದ್ದರೇನು ಮುಚ್ಚಿದ್ದರೇನು?" ಎಂದು ಕೇಳುವವರಿದ್ದಾರೆ. ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರಹತ್ತಿರ 13,000 ಜರ್ನಲ್‌ಗಳು. ಮೈಸೂರು ವಿಶ್ವವಿದ್ಯಾನಿಲಯದಂಥ ಸರ್ಕಾರಿ ಸಂಸ್ಥೆಗಳಲ್ಲಿ ಕೂತವರಿಗೆ ಅದರಿಂದ ತುಂಬಾ ಅನುಕೂಲವಾಗಿದೆ. ಆದರೆ ಮೊದಲ ಹಂತದಲ್ಲಿ ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಮೈಸೂರಲ್ಲೂ ಮಂಡ್ಯದಲ್ಲೂ ಎಷ್ಟು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿವೆ ನೋಡಿ. ನೀವು ಗಂಗೋತ್ರಿಯಲ್ಲಿ ಕೂತು ಬರೆದ ಪೇಪರನ್ನು ಅಲ್ಲೇ ಮೂರು ಕಿಲೋಮೀಟರ್ ಆಚೆ ಪಾಠ ಮಾಡುವ ನಿಮ್ಮ ಸ್ನೇಹಿತ ತೆರೆಯಲಾಗುವುದಿಲ್ಲ. ನನಗೆ ಮುಕ್ತ ಪ್ರವೇಶ ಮುಖ್ಯ ಅನ್ನಿಸುವುದು ಈ ಕಾರಣಕ್ಕೇ.

ಈ ವಿಚಾರದಲ್ಲಿ ನಮ್ಮ ಊರಿಗೆ ಹಳೆಯ ನಂಟು ಕೂಡ ಇದೆ. ಪಿಎಚ್‌ಡಿ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ವಿದ್ಯಾನಿಧಿ ಯೋಜನೆ 2000ದಲ್ಲಿ ಶುರುವಾಗಿದ್ದು ಇಲ್ಲೇ, ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ. ಇಂದು ದೇಶದ ತುಂಬ ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆ. ಅದಕ್ಕೂ ಮುಂಚೆ ಆ ಯೋಚನೆ ಮಾಡಿದವರು ನಮ್ಮ ಊರಲ್ಲಿದ್ದರು.

ಆರ್ಕೈವ್: ಜರ್ನಲ್ ಅಲ್ಲ, ಆದರೆ ಮೊದಲ ಹೆಜ್ಜೆ

ಯಾವ ಜರ್ನಲ್ ಆದರೂ ಸರಿ, ಅದಕ್ಕಿಂತ ಮುಂಚೆ ಪೇಪರನ್ನು ಆರ್ಕೈವ್‌ಗೆ ಹಾಕಿ. ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ 1991ರಲ್ಲಿ ಶುರು ಮಾಡಿದ್ದು ಇದು. ಬಹಳ ವರ್ಷ ಅದನ್ನು ನಡೆಸಿದ್ದು ಕಾರ್ನೆಲ್ ವಿಶ್ವವಿದ್ಯಾನಿಲಯ. ಕಂಪ್ಯೂಟರ್ ಸೈನ್ಸ್ ಒಳಗೆ ಲಾಜಿಕ್‌ಗೆಂದೇ ಒಂದು ವಿಭಾಗ ಇದೆ, ಅದರ ಹೆಸರು ಸಿಎಸ್ ಡಾಟ್ ಎಲ್‌ಒ. ಇಲ್ಲಿ ಯಾರೂ ಪ್ರೂಫ್ ಪರೀಕ್ಷೆ ಮಾಡುವುದಿಲ್ಲ. ವಿಷಯಕ್ಕೆ ಸೇರಿದ್ದಾ, ಸಂಶೋಧನೆಯ ರೂಪದಲ್ಲಿದೆಯಾ ಅಷ್ಟೇ ನೋಡುತ್ತಾರೆ. ಹಾಗಾಗಿ ಬರೀ ಆರ್ಕೈವ್‌ನಲ್ಲಿದೆ ಅನ್ನುವುದನ್ನು ಯಾವ ಕಾಲೇಜೂ ಪ್ರಕಟಣೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಈ ಫಲಿತಾಂಶ ಇಂಥ ದಿನ ನಿಮ್ಮದು ಎಂಬ ದಾಖಲೆ ಸಿಕ್ಕಿಬಿಡುತ್ತದೆ. ರೆಫರಿಗಳು, ಅಂದರೆ ಜರ್ನಲ್ ಪರವಾಗಿ ಪೇಪರ್ ಓದಿ ಅಭಿಪ್ರಾಯ ಹೇಳುವ ತಜ್ಞರು, ತಿಂಗಳುಗಟ್ಟಲೆ ತಗೊಂಡರೂ ಯಾರೋ ಮುಂಚೆ ಹಾಕಿಬಿಡ್ತಾರೆ ಎಂಬ ಭಯ ಇರುವುದಿಲ್ಲ.

ಇಲ್ಲಿ ಹೊಸಬರು ಎಡವುವ ಜಾಗಗಳು ಕೆಲವಿವೆ. ಮೊದಲ ಸಲ ಹಾಕುವವರಿಗೆ ಎಂಡಾರ್ಸ್‌ಮೆಂಟ್ ಬೇಕಾಗುತ್ತದೆ. ಆ ವಿಭಾಗದಲ್ಲಿ ಈಗಾಗಲೇ ಪೇಪರ್ ಹಾಕಿರುವ ಒಬ್ಬರು "ಇವರು ಹಾಕಬಹುದು" ಎಂದು ಒಪ್ಪಬೇಕು. ನಿಮ್ಮ ಗೈಡ್ ಅಲ್ಲಿ ಹಾಕಿಲ್ಲದಿದ್ದರೆ ಗಾಬರಿ ಬೇಡ. ನೀವು ಯಾರ ಕೆಲಸದ ಮೇಲೆ ಕಟ್ಟಿದ್ದೀರೋ ಅವರಿಗೆ ನಾಲ್ಕು ಸಾಲು ಬರೆದು, ಪೇಪರ್ ಲಗತ್ತಿಸಿ ಕೇಳಿ. ಮರ್ಯಾದೆಯಿಂದ ಕೇಳಿದರೆ ಒಪ್ಪುತ್ತಾರೆ.

ಎರಡನೆಯದು ಲೈಸೆನ್ಸ್. ಪೇಪರ್ ಏರಿಸುವಾಗ ಒಂದು ಪುಟ ಬರುತ್ತದೆ, ಎಲ್ಲರೂ ಓದದೆ ಒತ್ತಿ ಮುಂದೆ ಹೋಗುತ್ತಾರೆ. ಅಲ್ಲಿ ನಿಲ್ಲಿ. ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸ್ ತಗೊಳ್ಳೋಕಾಗಲ್ಲ. ಮುಂದೆ ಡೈಮಂಡ್ ಜರ್ನಲ್‌ಗೆ ಕಳಿಸುವ ಮನಸ್ಸಿದ್ದರೆ ಸಿಸಿ ಬೈ ಎಂಬ, ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಿಕೊಳ್ಳಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಆರಿಸಿಕೊಳ್ಳಿ, ಏಕೆಂದರೆ ಆ ಜರ್ನಲ್‌ಗಳು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸನ್ನೇ ಕೇಳುತ್ತವೆ. ಚಂದಾ ಜರ್ನಲ್‌ಗೆ ಕಳಿಸುವವರಿದ್ದರೆ ಆರ್ಕೈವ್‌ನದೇ ಆದ ಸಾಮಾನ್ಯ ಲೈಸೆನ್ಸ್ ಸಾಕು.

ಮೂರನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಗಣಿತದ ಬರಹ ಜೋಡಿಸುವ ಲೇಟೆಕ್ ತಂತ್ರಾಂಶದಲ್ಲಿ ಬರೆದದ್ದಾದರೆ ಆರ್ಕೈವ್ ಪಿಡಿಎಫ್ ಒಪ್ಪುವುದಿಲ್ಲ, ಮೂಲ ಫೈಲನ್ನೇ ಕೇಳುತ್ತದೆ. ಆ ಮೂಲ ಫೈಲನ್ನು ಲೋಕದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಶೇಕಡಾ ಗುರುತು ಹಾಕಿ ನೀವು ಬಚ್ಚಿಟ್ಟ ಟಿಪ್ಪಣಿಗಳು, "ಈ ಸ್ಟೆಪ್ ಸರಿ ಇದೆಯಾ ಗೊತ್ತಿಲ್ಲ, ಆಮೇಲೆ ನೋಡೋಣ" ಎಂದು ಬರೆದುಕೊಂಡ ಸಾಲುಗಳು, ಎಲ್ಲವೂ ಅದರಲ್ಲಿ ಇರುತ್ತವೆ. ಏರಿಸುವ ಮುಂಚೆ ಒರೆಸಿ.

ಸಮಯದ ವಿಚಾರಕ್ಕೆ ಬಂದರೆ, ಅಮೆರಿಕದ ಪೂರ್ವ ಭಾಗದ ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆಯೊಳಗೆ ಹಾಕಿದ್ದು ಅದೇ ಸಂಜೆ ಎಂಟಕ್ಕೆ ಹೊರಬರುತ್ತದೆ, ವಾರಾಂತ್ಯ ಬಿಟ್ಟು. ನಮ್ಮ ಲೆಕ್ಕದಲ್ಲಿ ರಾತ್ರಿ ಹನ್ನೊಂದೂವರೆಯೊಳಗೆ ಹಾಕಿದರೆ ಬೆಳಿಗ್ಗೆ ಐದೂವರೆಗೆ. ಅಲ್ಲಿ ಚಳಿಗಾಲದಲ್ಲಿ ಎಲ್ಲ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಮೊದಲ ಪೇಪರ್ ಹಾಕಿದವರು ಅವತ್ತು ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ.

ಒಂದು ಎಚ್ಚರಿಕೆ. 2025ರ ಅಕ್ಟೋಬರ್‌ನಿಂದ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಸರ್ವೇ ಪೇಪರ್‌ಗಳಿಗೆ, ಅಂದರೆ ಇದ್ದ ಕೆಲಸವನ್ನು ಒಟ್ಟುಗೂಡಿಸಿ ಹೇಳುವ ಪೇಪರ್‌ಗಳಿಗೆ, ನಿಯಮ ಬಿಗಿಯಾಗಿದೆ. ಬೇರೆ ಕಡೆ ರೆಫರಿಗಳಿಂದ ಪಾಸಾಗಿ ಬಂದಿದ್ದರೆ ಮಾತ್ರ ತಗೊಳ್ಳುತ್ತಾರೆ. ಪ್ರೂಫ್ ಇರುವ ಹೊಸ ಕೆಲಸಕ್ಕೆ ಇದು ಅಡ್ಡಿಯಲ್ಲ.

ಲಾಜಿಕಲ್ ಮೆಥಡ್ಸ್ ಇನ್ ಕಂಪ್ಯೂಟರ್ ಸೈನ್ಸ್

ನನ್ನನ್ನು ಒಂದೇ ಹೆಸರು ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಎಲ್ಲರೂ ಎಲ್‌ಎಂಸಿಎಸ್ ಅಂತಾರೆ. 2005ರಿಂದ ಸಂಪುಟಗಳು ಬರುತ್ತಿವೆ. ಮೊದಲ ಪ್ರಧಾನ ಸಂಪಾದಕರು ಡಾನಾ ಸ್ಕಾಟ್. ಪ್ರೋಗ್ರಾಮ್‌ಗಳ ಅರ್ಥವನ್ನು ಗಣಿತದಲ್ಲಿ ಹೇಳುವ ದಾರಿ ಹಾಕಿಕೊಟ್ಟವರು, 1976ರಲ್ಲಿ ಮೈಕೆಲ್ ರಾಬಿನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಅಂಥವರು ಮುಂದೆ ನಿಂತು ಶುರು ಮಾಡಿದ ಜರ್ನಲ್‌ಗೆ ಮೊದಲ ದಿನದಿಂದ ಎಪಿಸಿ ಇಲ್ಲ, ಚಂದಾ ಇಲ್ಲ. ಶುದ್ಧ ಡೈಮಂಡ್.

ಇದು ನಡೆಯುವ ರೀತಿ ತಿಳಿದುಕೊಂಡರೆ ದುಡ್ಡು ಯಾಕೆ ಬೇಕಾಗಲ್ಲ ಎನ್ನುವುದು ಗೊತ್ತಾಗುತ್ತದೆ. ಇದು ಓವರ್‌ಲೇ ಜರ್ನಲ್. ಪೇಪರ್ ಇರುವುದು ಆರ್ಕೈವ್‌ನಲ್ಲೇ. ನೀವು ಜರ್ನಲ್‌ಗೆ ಕೊಡುವುದು ಆರ್ಕೈವ್‌ನ ನಂಬರ್ ಮಾತ್ರ. ಸಂಪಾದಕರು ರೆಫರಿಗಳಿಗೆ ಕಳಿಸುತ್ತಾರೆ, ರಿಪೋರ್ಟ್ ಬರುತ್ತದೆ, ನೀವು ತಿದ್ದಿ ಹೊಸ ಆವೃತ್ತಿಯನ್ನು ಮತ್ತೆ ಆರ್ಕೈವ್‌ಗೆ ಹಾಕುತ್ತೀರಿ. ಒಪ್ಪಿಗೆಯಾದ ಮೇಲೆ ಜರ್ನಲ್‌ನ ಅಚ್ಚಿನಲ್ಲಿ ಸಿದ್ಧವಾದ ಕೊನೆಯ ಆವೃತ್ತಿಯೂ ಅಲ್ಲಿಗೇ ಹೋಗುತ್ತದೆ. ಈ ವ್ಯವಸ್ಥೆಯ ಹಿಂದೆ ಇರುವುದು ಫ್ರಾನ್ಸಿನ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳ ನೆರವಿನಿಂದ ನಡೆಯುವ ಎಪಿಸೈನ್ಸಸ್ ವೇದಿಕೆ. ಲೇಟೆಕ್ ಜೋಡಣೆ ಲೇಖಕರದು, ಓದುವ ಕೆಲಸ ರೆಫರಿಗಳದು, ಅವರಿಗೆ ಸಂಬಳ ಯಾವ ಜರ್ನಲ್‌ನಲ್ಲೂ ಇಲ್ಲ. ಉಳಿಯುವ ಖರ್ಚು ಬಹಳ ಕಡಿಮೆ.

ಪುಟದ ಮಿತಿ ಇಲ್ಲದಿರುವುದು ನಮ್ಮ ವಿಷಯಕ್ಕೆ ದೊಡ್ಡ ವರ. 60 ಪುಟದ ಪೇಪರ್‌ಗಳು ಅಲ್ಲಿ ಅಪರೂಪ ಅಲ್ಲ. ಪ್ರೂಫನ್ನು ಕತ್ತರಿಸದೆ ಪೂರ್ತಿ ಬರೆಯಬಹುದು. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಜರ್ನಲ್ ಸೂಚಿಗಳೆರಡರಲ್ಲೂ ಇದೆ, ಆದ್ದರಿಂದ ಕಾಲೇಜಿನ ಕಡತಕ್ಕೂ ತೊಂದರೆಯಿಲ್ಲ.

ಕೊಡಬೇಕಾದ್ದು ಸಮಯ. ತಿಂಗಳುಗಳೇ ಬೇಕು, ವರ್ಷ ದಾಟಿದರೂ ಆಶ್ಚರ್ಯ ಬೇಡ. ಒಂದು ಸಾಲನ್ನು ಅರ್ಥ ಮಾಡಿಕೊಳ್ಳೋಕೆ ರೆಫರಿ ಒಂದು ಸಂಜೆ ಕೂರಬೇಕಾಗುತ್ತದೆ. ಪ್ರಬಂಧ ಸಲ್ಲಿಸುವ ದಿನ ಹತ್ತಿರವಿದ್ದವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಪಿಎಚ್‌ಡಿಗೆ ಜರ್ನಲ್ ಪೇಪರ್ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2022ರ ನವೆಂಬರ್‌ನಲ್ಲಿ ತೆಗೆದಿದೆ. ಆದರೂ ವಿಶ್ವವಿದ್ಯಾನಿಲಯಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದು. ನಿಮ್ಮ ವಿಭಾಗದ ಕಚೇರಿಯಲ್ಲಿ ಬರಹದಲ್ಲೇ ಕೇಳಿ ತಗೊಳ್ಳಿ, ಬಾಯಿಮಾತು ಬೇಡ.

ಇದೇ ವೇದಿಕೆಯಲ್ಲಿ ಇನ್ನೂ ಇವೆ. ಥಿಯೊರೆಟಿಸಿಎಸ್ ಎನ್ನುವುದು ಥಿಯರಿ ಪೂರ್ತಿಗೆ, ಲಾಜಿಕ್ ಕೂಡ ಸೇರಿ, ಅತ್ಯುತ್ತಮವಾದದ್ದನ್ನು ಮಾತ್ರ ಆರಿಸಿಕೊಳ್ಳುವ ಜರ್ನಲ್. ಮೊದಲ ಸಂಪುಟ 2022ರದು. ಅದು ಬೇರೆ ವಿಭಾಗದವರಿಗೂ "ಹೌದಲ್ಲ" ಅನ್ನಿಸುವ ಕೆಲಸ ಕೇಳುತ್ತದೆ. ನಿಮ್ಮ ಫಲಿತಾಂಶ ಬಹಳ ಕಾಲ ಬಗೆಹರಿಯದೆ ಉಳಿದಿದ್ದ ಪ್ರಶ್ನೆಯೊಂದನ್ನು ಬಿಡಿಸಿದ್ದರೆ ಅಲ್ಲಿಗೆ ಧೈರ್ಯವಾಗಿ ಕಳಿಸಿ. ಒಂದು ಕ್ಯಾಲ್ಕುಲಸ್‌ನ ಒಂದು ಗುಣವನ್ನು ಚೆನ್ನಾಗಿ ಸಾಧಿಸಿದ ಪೇಪರ್‌ಗೆ ಎಲ್‌ಎಂಸಿಎಸ್ ಸರಿಯಾದ ಮನೆ. 1977ರಿಂದ ಬರುತ್ತಿರುವ ಫಂಡಮೆಂಟಾ ಇನ್ಫರ್ಮ್ಯಾಟಿಕೆ ಕೂಡ ಈಗ ಎಪಿಸೈನ್ಸಸ್‌ಗೆ ಬಂದಿದೆ.

ಎಸಿಎಂ ಮತ್ತು 1999ರ ಕಥೆ

ಎಸಿಎಂ ಅಂದರೆ ಕಂಪ್ಯೂಟರ್ ಸೈನ್ಸ್‌ನವರ ಒಂದು ದೊಡ್ಡ ಸಂಘ. ಅದರ ಜರ್ನಲ್ ಎಸಿಎಂ ಟ್ರಾನ್ಸ್ಯಾಕ್ಷನ್ಸ್ ಆನ್ ಕಾಂಪ್ಯುಟೇಷನಲ್ ಲಾಜಿಕ್ 2000ದಲ್ಲಿ ಶುರುವಾಯಿತು. ಹೆಸರಿನಲ್ಲಿ ಎಲ್‌ಎಂಸಿಎಸ್‌ಗೆ ಸರಿಸಮ. 2026ರ ಜನವರಿಯಿಂದ ಎಸಿಎಂ ತನ್ನ ಪ್ರಕಟಣೆಗಳನ್ನೆಲ್ಲ ಮುಕ್ತ ಪ್ರವೇಶಕ್ಕೆ ತಂದಿದೆ. ಓದುವವರಿಗೆ ಇದು ಸಿಹಿ ಸುದ್ದಿ. ಬರೆಯುವವರು ಮಾತ್ರ ಒಂದು ವಿಷಯ ನೋಡಿಕೊಳ್ಳಬೇಕು. ನಿಮ್ಮ ಸಂಸ್ಥೆ ಎಸಿಎಂ ಓಪನ್ ಒಪ್ಪಂದದಲ್ಲಿ ಇದ್ದರೆ ನೀವು ಕಟ್ಟಬೇಕಾಗಿಲ್ಲ. ಇಲ್ಲದಿದ್ದರೆ ಎಪಿಸಿ ಬರುತ್ತದೆ, ಅಥವಾ ರಿಯಾಯಿತಿಗೆ ಅರ್ಜಿ ಹಾಕಬೇಕಾಗುತ್ತದೆ. ಪೇಪರ್ ಕಳಿಸಿದ ಮೇಲೆ ಅಲ್ಲ, ಕಳಿಸುವ ಮುಂಚೆಯೇ ಲೈಬ್ರರಿಯನ್‌ರನ್ನು ಕೇಳಿ.

ನಮ್ಮ ವಿಷಯಕ್ಕೆ ಈ ಭಾಗ್ಯ ಸುಮ್ನೆ ಬಂದಿದ್ದಲ್ಲ. 1999ರಲ್ಲಿ ಜರ್ನಲ್ ಆಫ್ ಲಾಜಿಕ್ ಪ್ರೋಗ್ರಾಮಿಂಗ್‌ನ 50 ಜನ ಸಂಪಾದಕರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಕಾರಣ, ಲೈಬ್ರರಿಗಳಿಂದ ಕೇಳುತ್ತಿದ್ದ ಚಂದಾ ದರ. ಪ್ರಕಾಶಕರ ಜೊತೆ ಮಾತುಕತೆ ನಡೆದು, ಬಗೆಹರಿಯದೆ, ಎಲ್ಲರೂ ಹೊರಬಂದರು. ಅವರು ಕಟ್ಟಿದ ಥಿಯರಿ ಅಂಡ್ ಪ್ರಾಕ್ಟೀಸ್ ಆಫ್ ಲಾಜಿಕ್ ಪ್ರೋಗ್ರಾಮಿಂಗ್ 2001ರಿಂದ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯ ಮುದ್ರಣಾಲಯದಿಂದ ಬರುತ್ತಿದೆ. ಪ್ರೊಲಾಗ್, ಆನ್ಸರ್ ಸೆಟ್ ಪ್ರೋಗ್ರಾಮಿಂಗ್‌ನಂಥ ಲಾಜಿಕ್ ಪ್ರೋಗ್ರಾಮಿಂಗ್ ವಿಧಾನಗಳ ಮೇಲೆ ಕೆಲಸ ಮಾಡುವವರಿಗೆ ಅದೇ ಮೊದಲ ಜಾಗ. ಒಳ್ಳೆಯ ಹೆಸರು ಮಾಡಿದ್ದ ಜರ್ನಲ್ ಅನ್ನು ಬಿಟ್ಟು ಹೊಸದನ್ನು ಶುರು ಮಾಡುವುದಕ್ಕೆ ಗುಂಡಿಗೆ ಬೇಕು. ಅವರ ಹಾದಿಯಲ್ಲೇ ನಾವು ಇವತ್ತು ನಡೆಯುತ್ತಿದ್ದೇವೆ.

ಸಮ್ಮೇಳನದ ದಾರಿ

ಕಂಪ್ಯೂಟರ್ ಸೈನ್ಸ್‌ನಲ್ಲಿ ಸಮ್ಮೇಳನದ ಪೇಪರ್‌ಗೂ ಗಟ್ಟಿ ಬೆಲೆ ಇದೆ. ಇಲ್ಲಿ ನೆನಪಿಡಬೇಕಾದ ಹೆಸರು ಲಿಪಿಕ್ಸ್. ಜರ್ಮನಿಯ ಡಾಗ್‌ಸ್ಟೂಲ್ ಎಂಬ ಕಂಪ್ಯೂಟರ್ ಸೈನ್ಸ್ ಕೇಂದ್ರ ನಡೆಸುವ, ಸಮ್ಮೇಳನದ ಪೇಪರ್‌ಗಳ ಮುಕ್ತ ಪ್ರವೇಶದ ಸರಣಿ ಅದು. ಕಂಪ್ಯೂಟರ್ ಸೈನ್ಸ್ ಲಾಜಿಕ್ ಸಮ್ಮೇಳನ ಅಂದರೆ ಸಿಎಸ್‌ಎಲ್, ಟೈಪ್ ಮತ್ತು ರೀರೈಟಿಂಗ್ ಮೇಲಿನ ಎಫ್‌ಎಸ್‌ಸಿಡಿ, ಇವುಗಳ ಪೇಪರ್‌ಗಳೆಲ್ಲ ಅಲ್ಲೇ ಬರುತ್ತವೆ. ನಮಗೆ ಹತ್ತಿರದ್ದು ಕಂಪ್ಯೂಟರ್ ಸೈನ್ಸ್‌ನ ಥಿಯರಿ ಮೇಲಿನ ಸಮ್ಮೇಳನ ಎಫ್‌ಎಸ್‌ಟಿಟಿಸಿಎಸ್. 1981ರಿಂದ ನಮ್ಮ ದೇಶದಲ್ಲೇ ಪ್ರತಿ ಡಿಸೆಂಬರ್‌ನಲ್ಲಿ ನಡೆಯುತ್ತಾ ಬಂದಿದೆ. ಲಿಪಿಕ್ಸ್ ಸರಣಿಯ ಎರಡನೇ ಸಂಪುಟವೇ 2008ರಲ್ಲಿ ಬೆಂಗಳೂರಿನಲ್ಲಿ ನಡೆದ ಎಫ್‌ಎಸ್‌ಟಿಟಿಸಿಎಸ್‌ನದು. ಸರಣಿಗೆ ಪೇಪರ್ ಒಂದಕ್ಕೆ 60 ಯೂರೋ ಎಂಬ ಸಣ್ಣ ಶುಲ್ಕ ಬಹಳ ವರ್ಷ ನಡೆದು ಬಂತು, ಅದೂ ಸಾಮಾನ್ಯವಾಗಿ ಸಮ್ಮೇಳನದ ಲೆಕ್ಕದಲ್ಲೇ ಹೋಗುತ್ತದೆ.

ಆದರೆ ಖರ್ಚು ಬೇರೆ ಕಡೆಯಿಂದ ಬರುತ್ತದೆ. ಪೇಪರ್ ಒಪ್ಪಿಗೆಯಾದರೆ ಯಾರಾದರೊಬ್ಬರು ಹೋಗಿ ಮಂಡಿಸಬೇಕು. ನೋಂದಣಿ, ವಿಮಾನ, ವೀಸಾ, ವಸತಿ. ಯುರೋಪಿಗೆ ಹೋಗಿ ಬರುವ ಖರ್ಚು ಒಂದು ಹೈಬ್ರಿಡ್ ಎಪಿಸಿಯಷ್ಟೇ ಆಗಿಬಿಡುತ್ತದೆ. ಅದಕ್ಕೇ ಮೊದಲ ಪೇಪರ್‌ಗೆ ನಾನು ಎಫ್‌ಎಸ್‌ಟಿಟಿಸಿಎಸ್ ಅನ್ನುತ್ತೇನೆ. ರೈಲಿನಲ್ಲಿ ಹೋಗಿ ಬರಬಹುದು. ದೇಶದಲ್ಲಿ ಈ ಕೆಲಸ ಮಾಡುವವರ ಮುಖಪರಿಚಯ ಆಗುತ್ತದೆ. ಟೀ ಕುಡಿಯುವಾಗ ನಡೆಯುವ ಮಾತಿನಲ್ಲಿ ಎಷ್ಟೋ ಜನರಿಗೆ ಮುಂದಿನ ಪ್ರಶ್ನೆ ಸಿಕ್ಕಿದೆ. ಪೈಪೋಟಿ ಜಾಸ್ತಿ, ಅದು ನಿಜ.

ಸಮ್ಮೇಳನಕ್ಕೂ ಜರ್ನಲ್‌ಗೂ ಇರುವ ದೊಡ್ಡ ವ್ಯತ್ಯಾಸ ಪ್ರೂಫ್‌ನದು. ಸಮ್ಮೇಳನದಲ್ಲಿ ಪುಟ ಕಡಿಮೆ, ಉದ್ದದ ಪ್ರೂಫ್‌ಗಳು ಅನುಬಂಧಕ್ಕೆ ಹೋಗುತ್ತವೆ. ಅನುಬಂಧವನ್ನು ರೆಫರಿ ಓದಲೇಬೇಕೆಂದಿಲ್ಲ. ಕೆಲವೇ ವಾರಗಳಲ್ಲಿ ಹತ್ತಾರು ಪೇಪರ್ ನೋಡುವವರಿಂದ ಅದನ್ನು ಕೇಳುವುದೂ ನ್ಯಾಯವಲ್ಲ. ಹಾಗಾಗಿ ಸಮ್ಮೇಳನದಲ್ಲಿ ಬಂದದ್ದನ್ನು ಪೂರ್ತಿ ಬರೆದು ಮತ್ತೆ ಜರ್ನಲ್‌ಗೆ ಕಳಿಸುವ ರೂಢಿ ಇದೆ. ಒಳ್ಳೆಯ ರೂಢಿ. ಸಮ್ಮೇಳನದ ಆಯ್ದ ಪೇಪರ್‌ಗಳಿಗೆ ಎಲ್‌ಎಂಸಿಎಸ್ ವಿಶೇಷ ಸಂಚಿಕೆಗಳನ್ನೂ ಮಾಡುತ್ತದೆ.

ಕಾರ್ಯಾಗಾರದ ಪೇಪರ್‌ಗಳಿಗೆ ಇಪಿಟಿಸಿಎಸ್ ಇದೆ. ರಾಬ್ ವಾನ್ ಗ್ಲಾಬೀಕ್ 2009ರಲ್ಲಿ ಶುರು ಮಾಡಿದ್ದು, ಅದೂ ಆರ್ಕೈವ್ ಮೇಲೆ ನಿಂತಿದೆ, ಯಾರೂ ಏನೂ ಕಟ್ಟಬೇಕಿಲ್ಲ. ಅದರ ಪುಟ ತೆರೆದರೆ ಹಳೇ ಕಾಲದ ಹಾಗೆ ಕಾಣುತ್ತದೆ, ಬಣ್ಣ ಇಲ್ಲ, ಚಿತ್ರ ಇಲ್ಲ. ನಮ್ಮ ಮಂಡ್ಯದವರಿಗೆ ಹೇಳಬೇಕಾ, ಕಬ್ಬು ಡೊಂಕಾದರೆ ಸಿಹಿ ಡೊಂಕೇ?

ಚಂದಾ ಜರ್ನಲ್‌ಗಳನ್ನು ಬಿಟ್ಟೇಬಿಡಬೇಕಾ?

ಬೇಡ. ಆನಲ್ಸ್ ಆಫ್ ಪ್ಯೂರ್ ಅಂಡ್ ಅಪ್ಲೈಡ್ ಲಾಜಿಕ್, ಜರ್ನಲ್ ಆಫ್ ಸಿಂಬಾಲಿಕ್ ಲಾಜಿಕ್, ಜರ್ನಲ್ ಆಫ್ ಆಟೊಮೇಟೆಡ್ ರೀಸನಿಂಗ್, ಇನ್ಫರ್ಮೇಷನ್ ಅಂಡ್ ಕಾಂಪ್ಯುಟೇಷನ್ ಎಲ್ಲವೂ ಗಟ್ಟಿ ಜರ್ನಲ್‌ಗಳು. ನಿಮ್ಮ ಕೆಲಸ ಗಣಿತದ ಲಾಜಿಕ್ ಕಡೆಗೆ ಜಾಸ್ತಿ ವಾಲಿದ್ದರೆ ಓದುಗರು ಅಲ್ಲೇ ಇರುತ್ತಾರೆ. ಅಂಥ ಕಡೆ ಕಳಿಸಿ, ಎಪಿಸಿ ಕಟ್ಟದೆ ಸಾಮಾನ್ಯ ದಾರಿಯಲ್ಲೇ ಪ್ರಕಟಿಸಿ, ನಿಮ್ಮ ಪ್ರತಿಯನ್ನು ಆರ್ಕೈವ್‌ನಲ್ಲಿ ಇಡಿ. ರೆಫರಿಗಳಿಗೆ ಹೋಗುವ ಮುಂಚಿನ ಪ್ರತಿಯನ್ನು ಇಟ್ಟುಕೊಳ್ಳಲು ಈ ವಿಷಯದ ಜರ್ನಲ್‌ಗಳು ಬಿಡುತ್ತವೆ. ತಿದ್ದಿದ ಪ್ರತಿಗೆ ಕೆಲವು ಕಡೆ ಒಂದು ವರ್ಷವೋ ಎರಡು ವರ್ಷವೋ ಕಾಯಿರಿ ಅಂತಾರೆ, ಒಪ್ಪಂದದ ಕಾಗದ ಓದಿ ನೋಡಿ. "ಆರ್ಕೈವ್‌ನಲ್ಲಿ ಹಾಕಿದರೆ ಜರ್ನಲ್‌ನವರು ತಿರಸ್ಕರಿಸುತ್ತಾರೆ" ಎಂಬ ಭಯ ನಮ್ಮ ಕಡೆ ಬಹಳ ಇದೆ. ಲಾಜಿಕ್‌ನಲ್ಲಿ ಆ ಭಯಕ್ಕೆ ಆಧಾರ ಇಲ್ಲ.

ಪ್ರೂಫನ್ನು ಇಸಾಬೆಲ್ ಎಂಬ ಪ್ರೂಫ್ ಪರಿಶೀಲಿಸುವ ತಂತ್ರಾಂಶದಲ್ಲಿ ಮೆಷಿನ್ ಒಪ್ಪುವಂತೆ ಬರೆದಿದ್ದರೆ ಇನ್ನೊಂದು ಬಾಗಿಲೂ ಇದೆ. ಆರ್ಕೈವ್ ಆಫ್ ಫಾರ್ಮಲ್ ಪ್ರೂಫ್ಸ್ 2004ರಿಂದ ಅಂಥ ಪ್ರೂಫ್‌ಗಳನ್ನು ರೆಫರಿ ಮಾಡಿ, ದುಡ್ಡಿಲ್ಲದೆ ಇಟ್ಟುಕೊಳ್ಳುತ್ತದೆ. ಲೀನ್, ರಾಕ್ ಎಂಬ ಅಂಥದೇ ತಂತ್ರಾಂಶಗಳನ್ನು ಬಳಸಿದವರು ಕೋಡ್ ಅನ್ನು ಜೆನೋಡೊ ಎಂಬ ಮುಕ್ತ ಸಂಗ್ರಹದಲ್ಲಿ ಇಟ್ಟು, ಅದರ ಡಿಒಐ, ಅಂದರೆ ಶಾಶ್ವತ ಗುರುತಿನ ಸಂಖ್ಯೆಯನ್ನು ಪೇಪರ್‌ನಲ್ಲಿ ಕೊಡಿ.

ಆ ಏಳು ದಿನದ ಮೇಲ್ ಬಗ್ಗೆ

ಇದನ್ನು ನಾನು ಬೇರೆಯವರ ಕಥೆಯಾಗಿ ಹೇಳುತ್ತಿಲ್ಲ. ನಾನು ಪಾಠ ಮಾಡಲು ಸೇರಿದ ಹೊಸತರಲ್ಲಿ, ಬಡ್ತಿಗೆ ಎರಡು ಪೇಪರ್ ಬೇಕಿತ್ತು. ಹೀಗೇ ಒಂದು ಮೇಲ್ ಬಂತು. 9,000 ರೂಪಾಯಿ ಕಟ್ಟಿದೆ. ಹತ್ತು ದಿನದಲ್ಲಿ "ರಿವ್ಯೂ" ಬಂತು. ಮೂರೇ ಸಾಲು. ಪೇಪರ್ ಚೆನ್ನಾಗಿದೆ, ಇಂಗ್ಲಿಷ್ ಸುಧಾರಿಸಿ, ಈ ಐದು ಲೇಖನಗಳನ್ನು ಉಲ್ಲೇಖಿಸಿ. ಆ ಐದೂ ಲಾಜಿಕ್‌ಗೆ ಸಂಬಂಧವಿಲ್ಲದವು. ಮೂರು ವರ್ಷಕ್ಕೆ ಆ ಜರ್ನಲ್‌ನ ತಾಣವೇ ಇಲ್ಲವಾಯಿತು, ನನ್ನ ಪೇಪರ್ ಕೂಡ. ಅದರಲ್ಲಿದ್ದ ಒಂದು ಲೆಮ್ಮಾ, ಅಂದರೆ ಪ್ರೂಫ್‌ಗೆ ಮೆಟ್ಟಿಲಾಗುವ ಸಣ್ಣ ಹೇಳಿಕೆ, ತಪ್ಪು ಎಂದು ನನಗೆ ತಿಳಿದದ್ದು ಅದಕ್ಕೂ ಆಮೇಲೆ. ದುಡ್ಡು ಹೋಯಿತು ಎನ್ನುವುದಕ್ಕಿಂತ ಯಾರೂ ಓದಲಿಲ್ಲ ಎನ್ನುವುದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಸೈನ್ಸ್ ಪತ್ರಿಕೆಗಾಗಿ ಒಂದು ಪರೀಕ್ಷೆ ಮಾಡಿದರು. ಬೇಕೆಂದೇ ತಪ್ಪು ತುಂಬಿದ ಪೇಪರ್‌ನ ರೂಪಗಳನ್ನು 304 ಮುಕ್ತ ಪ್ರವೇಶದ ಜರ್ನಲ್‌ಗಳಿಗೆ ಕಳಿಸಿದರು. 157 ಕಡೆ ಒಪ್ಪಿಗೆ ಸಿಕ್ಕಿತು. ಅದನ್ನು ನೋಡಿ ಮುಕ್ತ ಪ್ರವೇಶವೇ ಮೋಸ ಎನ್ನುವವರಿದ್ದಾರೆ. ತಪ್ಪು. 98 ಜರ್ನಲ್‌ಗಳು ಅದನ್ನು ತಿರಸ್ಕರಿಸಿದವು ಎನ್ನುವುದೂ ಅದೇ ಪರೀಕ್ಷೆಯಲ್ಲಿದೆ.

ಮುಂಚೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಲಿಸ್ಟ್ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನು ನಿಲ್ಲಿಸಿತು. ಈಗ ನಾವೇ ನೋಡಿಕೊಳ್ಳಬೇಕು. ನಮ್ಮ ವಿಷಯದಲ್ಲಿ ಅದು ಕಷ್ಟವಲ್ಲ. ಸಂಪಾದಕ ಮಂಡಳಿಯ ಹೆಸರುಗಳನ್ನು ತೆಗೆದುಕೊಂಡು ಕಂಪ್ಯೂಟರ್ ಸೈನ್ಸ್ ಪೇಪರ್‌ಗಳ ಸೂಚಿಯಾದ ಡಿಬಿಎಲ್‌ಪಿಯಲ್ಲಿ ಹುಡುಕಿ. ನೀವು ಓದಿದ ಪೇಪರ್‌ಗಳನ್ನು ಬರೆದವರು ಅಲ್ಲಿ ಇದ್ದಾರಾ? ನಿಮ್ಮ ಪೇಪರ್‌ನ ಕೊನೆಯಲ್ಲಿ ಕೊಟ್ಟ ಉಲ್ಲೇಖಗಳಲ್ಲಿ ಒಂದಾದರೂ ಆ ಜರ್ನಲ್‌ನದಾ? ಅಲ್ಲಿ ಬಂದ ಇತ್ತೀಚಿನ ಮೂರು ಪೇಪರ್ ತೆರೆದು ಪ್ರೂಫ್ ಓದಿ. ಡಿಒಎಜೆ ಎಂಬ ಮುಕ್ತ ಜರ್ನಲ್‌ಗಳ ಕೋಶ 2003ರಿಂದ ಇದೆ, ಅದರಲ್ಲೂ ನೋಡಿ. ಒಂದೇ ಜರ್ನಲ್‌ನಲ್ಲಿ ಲಾಜಿಕ್, ಸಿವಿಲ್ ಎಂಜಿನಿಯರಿಂಗ್, ಮಾರ್ಕೆಟಿಂಗ್ ಮೂರೂ ಇದ್ದರೆ ಮೇಲ್ ಅಳಿಸಿಬಿಡಿ.

ಹಾಗಾದರೆ ಯಾರು ಎಲ್ಲಿಗೆ

ಎಂಎಸ್ಸಿ ಅಥವಾ ಎಂಟೆಕ್ ಪ್ರಾಜೆಕ್ಟ್‌ನಿಂದ ಸಣ್ಣದಾದರೂ ಹೊಸದು ಬಂದಿದ್ದರೆ ಇಪಿಟಿಸಿಎಸ್‌ನಲ್ಲಿ ಪ್ರಕಟವಾಗುವ ಕಾರ್ಯಾಗಾರ ಹುಡುಕಿ, ದೂರದಿಂದಲೇ ಮಂಡಿಸಲು ಬಿಡುತ್ತಾರಾ ಕೇಳಿ. ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದರೆ ಎಫ್‌ಎಸ್‌ಟಿಟಿಸಿಎಸ್‌ಗೆ ಕಳಿಸಿ, ಆಮೇಲೆ ಪೂರ್ತಿ ರೂಪವನ್ನು ಎಲ್‌ಎಂಸಿಎಸ್‌ಗೆ. ಪ್ರಬಂಧ ಸಲ್ಲಿಸಲು ಆರು ತಿಂಗಳು ಮಾತ್ರ ಇದ್ದರೆ ಆರ್ಕೈವ್‌ಗೆ ಹಾಕಿ, ಜರ್ನಲ್‌ಗೂ ಕಳಿಸಿ, "ಪರಿಶೀಲನೆಯಲ್ಲಿದೆ" ಎಂಬ ಪತ್ರವನ್ನು ವಿಭಾಗ ಒಪ್ಪುತ್ತದಾ ಎಂದು ಇವತ್ತೇ ಕೇಳಿ. ಅವಸರದಲ್ಲಿ ಏಳು ದಿನದ ಜರ್ನಲ್‌ಗೆ ಹೋಗಬೇಡಿ. ಅದು ನಿಮ್ಮ ಬಯೋಡೇಟಾದಲ್ಲಿ ಕೊನೆಯವರೆಗೂ ಉಳಿಯುತ್ತದೆ.

ಕಾಲೇಜಿನಲ್ಲಿ ವಾರಕ್ಕೆ ಹದಿನಾರು ಗಂಟೆ ಪಾಠ ಮಾಡುತ್ತಾ ರಾತ್ರಿ ಕೂತು ಬರೆಯುವ ಮೇಷ್ಟ್ರುಗಳಿಗೆ ಸಮ್ಮೇಳನದ ಗಡುವುಗಳು ಸರಿಹೊಂದುವುದಿಲ್ಲ. ನಿಮಗೆ ನೇರವಾಗಿ ಎಲ್‌ಎಂಸಿಎಸ್ ಒಳ್ಳೆಯದು. ಗಡುವಿಲ್ಲ, ಪುಟದ ಮಿತಿಯಿಲ್ಲ, ಪ್ರಯಾಣವಿಲ್ಲ, ಶುಲ್ಕವಿಲ್ಲ. ರಜೆಯಲ್ಲಿ ಮುಗಿಸಿ, ಕಳಿಸಿ, ಮುಂದಿನ ಕೆಲಸಕ್ಕೆ ಕೂರಿ.

ಮದ್ದೂರಿನ ಹುಡುಗಿ 14,500 ರೂಪಾಯಿ ಕಟ್ಟಲಿಲ್ಲ. ಟಿಪ್ಪಣಿಗಳನ್ನೆಲ್ಲ ಒರೆಸಿ, ಸಿಸಿ ಬೈ ಆರಿಸಿ, ಒಂದು ರಾತ್ರಿ ಹತ್ತು ಗಂಟೆಗೆ ಆರ್ಕೈವ್‌ಗೆ ಹಾಕಿದಳು. ವಾರದ ಮೇಲೆ ಡೈಮಂಡ್ ಜರ್ನಲ್ ಒಂದಕ್ಕೆ ಕಳಿಸಿದಳು. ಎಂಟು ತಿಂಗಳಾದ ಮೇಲೆ ರಿಪೋರ್ಟ್ ಬಂತು, ನಾಲ್ಕು ಪುಟ. ಅದರಲ್ಲಿ ರೆಫರಿಯ ಒಂದು ಮಾತಿತ್ತು. ಲೆಮ್ಮಾ 4.7ರಲ್ಲಿ ನೀವು ಬಿಡಿ ವೇರಿಯಬಲ್ ಇಲ್ಲದ ಕ್ಲೋಸ್ಡ್ ಟರ್ಮ್‌ಗಳಿಗೆ ಮಾತ್ರ ಇಂಡಕ್ಷನ್ ಮಾಡಿದ್ದೀರಿ. ಲ್ಯಾಂಬ್ಡಾದ ಒಳಗೆ ಹೋದ ತಕ್ಷಣ ಅಲ್ಲಿ ಬಿಡಿ ವೇರಿಯಬಲ್ ಬರುತ್ತದೆ, ಆಗ ನಿಮ್ಮ ಹೈಪಾಥಿಸಿಸ್ ಅಲ್ಲಿಗೆ ಅನ್ವಯಿಸುವುದಿಲ್ಲ. ಎಲ್ಲ ಸಬ್‌ಸ್ಟಿಟ್ಯೂಷನ್‌ಗಳಿಗೂ ಸೇರಿಸಿ ಹೇಳಿಕೆಯನ್ನು ಬಲಪಡಿಸಿ, ನನಗೆ ಕಂಡಂತೆ ಪ್ರೂಫ್ ನಿಲ್ಲುತ್ತದೆ.

ಅವಳು ಆ ಸಾಲನ್ನು ಫೋನಿನಲ್ಲಿ ನನಗೆ ಎರಡು ಸಲ ಓದಿ ಹೇಳಿದಳು. "ಮೇಡಂ, ಯಾರೋ ನನ್ನ 19ನೇ ಪುಟ ಓದಿದ್ದಾರೆ" ಅಂದಳು. ಈಗ 4.7 ಮತ್ತೆ ಬರೆಯುತ್ತಿದ್ದಾಳೆ, ಬರುವ ಸೋಮವಾರ ಬೆಳಗಿನ ರೈಲಿಗೆ ಬರುತ್ತಾಳೆ.